ಪ್ರೌಢಶಾಲೆಯಲ್ಲಿ ಕೊಡುವ ಪಾಠ

ಇಂಟರ್ನ್‌ಶಿಪ್ ಮುಗಿಸಿ ಬಂದ ಪ್ರಶಿಕ್ಷಣಾರ್ಥಿಗಳ ವರದಿಗಳಲ್ಲಿ ಶಾಲೆ ಮತ್ತು ಸಮುದಾಯ ಎಂಬ ಭಾಗ ಬಂದಾಗ ನಾನು ಸ್ವಲ್ಪ ನಿಧಾನವಾಗಿ ಓದುತ್ತೇನೆ. ಅಲ್ಲಿ ಬರುವ ಸಂಗತಿಗಳು ಹೆಚ್ಚುಕಡಿಮೆ ಒಂದೇ. ಧ್ವಜ ದಿನಕ್ಕೆ ಮಕ್ಕಳಿಂದ ಇಷ್ಟು ರೂಪಾಯಿ ಸಂಗ್ರಹ, ನೆರೆ ಸಂತ್ರಸ್ತರಿಗೆ ಬಟ್ಟೆ ಸಂಗ್ರಹ, ಊರ ದಾನಿಗಳಿಂದ ನೋಟ್‌ಬುಕ್ ವಿತರಣೆ, ಶನಿವಾರ ಆವರಣದಲ್ಲಿ ಶ್ರಮದಾನ. ಪಕ್ಕದಲ್ಲಿ ಅಂಟಿಸಿದ ಫೋಟೊ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಒಂದು ಪ್ರಶ್ನೆಗೆ ಈ ವರದಿಗಳಲ್ಲಿ ಉತ್ತರ ಸಿಗುವುದೇ ಅಪರೂಪ. ಯಾರಿಗೆ ಕೊಡಬೇಕು, ಏನು ಕೊಡಬೇಕು, ಎಷ್ಟು ಕೊಡಬೇಕು ಎಂದು ತೀರ್ಮಾನಿಸಿದವರು ಯಾರು? ಸುತ್ತೋಲೆ, ಮುಖ್ಯ ಶಿಕ್ಷಕರು, ಇಲ್ಲವೆ ಊರ ಹಿರಿಯರು. ಮಗು ಮನೆಯಿಂದ ಹತ್ತು ರೂಪಾಯಿ ತಂದು ಮಾನಿಟರ್ ಕೈಗೆ ಕೊಟ್ಟಿತು, ಅಲ್ಲಿಗೆ ಅದರ ಪಾತ್ರ ಮುಗಿಯಿತು.

ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ 1949ರಿಂದ ನಡೆದುಬಂದಿದೆ. ಉದ್ದೇಶ ಒಳ್ಳೆಯದು, ಹಣ ಕೂಡಿಸುವುದಕ್ಕೆ ನನ್ನ ತಕರಾರಿಲ್ಲ. ಅದನ್ನೇ ನಾವು ‘ದಾನಗುಣದ ಬೆಳವಣಿಗೆ’ ಎಂದು ಪಾಠಯೋಜನೆಯ ಮೌಲ್ಯದ ಅಂಕಣದಲ್ಲಿ ಬರೆದು ಸುಮ್ಮನಾಗುವುದಕ್ಕೆ ತಕರಾರಿದೆ. ಹಣ ಸಾಗಿಸುವುದನ್ನು ಕಲಿತ ಮಗು ಕೊಡುವುದನ್ನು ಕಲಿತಂತಾಗುವುದಿಲ್ಲ. ಹದಿಮೂರು, ಹದಿನಾಲ್ಕು ವರ್ಷದವರಿಗೆ ಕೊಡುವುದನ್ನು ಕಲಿಸಬೇಕಾದರೆ ತೀರ್ಮಾನವನ್ನು ಅವರ ಕೈಗೆ ಕೊಡಬೇಕು. ಮೊತ್ತ ಐನೂರು ರೂಪಾಯಿಯಾದರೂ ಸಾಕು. ಮತ್ತು ಇದು ಮೊದಲು ಆಗಬೇಕಾದದ್ದು ಫೀಸು ಕಟ್ಟುವ ಮಕ್ಕಳ ಶಾಲೆಯಲ್ಲಲ್ಲ. ನಾವು ಅಭ್ಯಾಸ ಪಾಠಕ್ಕೆ ಹೋಗುವ ಸರ್ಕಾರಿ ಪ್ರೌಢಶಾಲೆಗಳಲ್ಲಿ.

ಏಕೆಂದು ಹೇಳುತ್ತೇನೆ. ಈ ಶಾಲೆಗಳ ಮಕ್ಕಳು ಒಂದನೇ ತರಗತಿಯಿಂದ ಪಡೆಯುವವರ ಸಾಲಿನಲ್ಲೇ ನಿಂತು ಬೆಳೆದಿದ್ದಾರೆ. ಶಾಲಾ ಆವರಣದಲ್ಲಿ ಶಾಮಿಯಾನ, ವೇದಿಕೆಯ ಮೇಲೆ ದಾನಿಗಳು, ಕೆಳಗೆ ಬಿಸಿಲಲ್ಲಿ ಮಕ್ಕಳು. ಹೆಸರು ಕರೆದಾಗ ಬಂದು ಬ್ಯಾಗಿನ ಒಂದು ತುದಿ ಹಿಡಿಯಬೇಕು. ಇನ್ನೊಂದು ತುದಿಯನ್ನು ದಾನಿಗಳು ಫೋಟೊ ತೆಗೆಯುವವರೆಗೆ ಬಿಡುವುದಿಲ್ಲ. ಆರು ವರ್ಷದ ಮಗುವಿಗೆ ಇದೊಂದು ಹಬ್ಬ. ಹದಿನಾಲ್ಕು ವರ್ಷದ ಹುಡುಗಿಗೆ ಅದು ಹಾಗಿರುವುದಿಲ್ಲ. ಅವಳು ಕ್ಯಾಮೆರಾ ನೋಡುವುದಿಲ್ಲ, ನೆಲ ನೋಡುತ್ತಾಳೆ. ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠ ವೀಕ್ಷಣೆಯಷ್ಟೇ ಗಮನವಿಟ್ಟು ಇಂಥ ಸಮಾರಂಭವನ್ನೂ ಒಮ್ಮೆ ವೀಕ್ಷಿಸಿ ಬರೆಯಲಿ ಎನ್ನಿಸುತ್ತದೆ. ಯಾರು ತಲೆ ಎತ್ತಿದರು, ಯಾರು ಎತ್ತಲಿಲ್ಲ, ಯಾರು ಆ ದಿನ ಶಾಲೆಗೇ ಬರಲಿಲ್ಲ.

ಇದರ ಜೊತೆಗೆ ಇನ್ನೊಂದು ಗೊಂದಲ ಬೆಳೆದಿದೆ. ಮಕ್ಕಳಿಗೆ ಬರುವ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಇವು ಯಾರೋ ದಯಪಾಲಿಸಿದ ದಾನ ಎಂಬಂತೆ ಶಿಕ್ಷಕರೇ ಮಾತಾಡುವುದುಂಟು. ‘ಪುಕ್ಕಟೆ ಸಿಗುತ್ತೆ, ಅದಕ್ಕೇ ಬೆಲೆ ಇಲ್ಲ’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಕೇಳಿಲ್ಲ! ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್‌ನಲ್ಲಿ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಅದು ಕಾನೂನಿನ ಹಕ್ಕಾಯಿತು. ನಮ್ಮ ರಾಜ್ಯದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟವರು ಯಾರೋ ತಿಳಿದೇ ಇಟ್ಟಿರಬೇಕು. ಶರಣರ ದಾಸೋಹದಲ್ಲಿ ಕೊಡುವವನು ದಾಸ, ಪಡೆಯುವವನು ಭಿಕ್ಷುಕನಲ್ಲ. ಕೊಡುವುದನ್ನು ಕಲಿಸಲು ಹೊರಟ ಶಿಕ್ಷಕ ಮೊದಲು ಈ ಗೆರೆಯನ್ನು ತರಗತಿಯಲ್ಲಿ ಎಳೆಯಬೇಕು. ಯಾವುದು ನಮ್ಮ ಹಕ್ಕು, ಯಾವುದು ಒಬ್ಬರಿಗೊಬ್ಬರು ಕೊಡುವ ಕೊಡುಗೆ.

ಈ ಗೆರೆ ಸ್ಪಷ್ಟವಾದರೆ ಬಹಳಷ್ಟು ತಪ್ಪು ಕೆಲಸಗಳು ತಾನಾಗಿ ನಿಲ್ಲುತ್ತವೆ. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಕೆಟ್ಟರೆ ಮಕ್ಕಳು ದುಡ್ಡು ಕೂಡಿಸಿ ರಿಪೇರಿ ಮಾಡಿಸುವುದು ಕೇಳಲು ಚೆಂದ, ಪತ್ರಿಕೆಯಲ್ಲಿ ಸುದ್ದಿಯೂ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಕೆಟ್ಟ ಪಾಠ. ಅಲ್ಲಿ ಮಕ್ಕಳು ಕಲಿಯಬೇಕಾದದ್ದು ಅರ್ಜಿ ಬರೆಯುವುದನ್ನು. ಎಸ್‌ಡಿಎಂಸಿ ಇದೆ, ಗ್ರಾಮ ಪಂಚಾಯಿತಿ ಇದೆ, ವರ್ಷಕ್ಕೊಮ್ಮೆ ನಡೆಯಬೇಕಾದ ಮಕ್ಕಳ ಗ್ರಾಮಸಭೆ ಇದೆ. ಸರ್ಕಾರ ಮಾಡಬೇಕಾದದ್ದನ್ನು ಬಡವರ ಮಕ್ಕಳ ಜೇಬಿನಿಂದ ಮಾಡಿಸಿ ಅದಕ್ಕೆ ದಾನವೆಂದು ಹೆಸರಿಡುವುದು ಬೇಡ.

ಹಾಗಾದರೆ ಮಕ್ಕಳು ಕೊಡುವುದೇನು, ಎಲ್ಲಿಂದ? ಇಲ್ಲಿ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಉತ್ತರ ಕರ್ನಾಟಕದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ನಲ್ಲಿದ್ದಾಗ ಶಾಲೆಯಲ್ಲಿ ‘ಮಕ್ಕಳ ಸಂತೆ’ ನಡೆಯಿತು. ಈಗ ಬಹಳ ಕಡೆ ನಡೆಯುವಂಥದ್ದೇ. ಮೆಂತ್ಯ, ಹುಣಸಿಕ್ಕ, ಶೇಂಗಾ, ಮನೆಯಲ್ಲಿ ಮಾಡಿದ ಚುರುಮುರಿ, ಮಾರಾಟ, ಲೆಕ್ಕ, ಲಾಭ. ಸಾಮಾನ್ಯವಾಗಿ ಲಾಭವನ್ನು ಮಕ್ಕಳು ಮನೆಗೆ ಒಯ್ಯುತ್ತಾರೆ, ಗಣಿತ ಶಿಕ್ಷಕರು ಶೇಕಡಾವಾರಿನ ಎರಡು ಲೆಕ್ಕ ಮಾಡಿಸುತ್ತಾರೆ, ಮುಗಿಯಿತು. ಈ ಸಲ ಒಂಬತ್ತನೇ ತರಗತಿಯ ಹೊಣೆ ಹೊತ್ತಿದ್ದ ಪ್ರಶಿಕ್ಷಣಾರ್ಥಿ ಮಾರ್ಗದರ್ಶಕ ಶಿಕ್ಷಕರನ್ನು ಕೇಳಿಕೊಂಡು ಮಕ್ಕಳ ಮುಂದೆ ಒಂದು ಮಾತು ಇಟ್ಟ. ಬೇಕಾದವರು ಬೇಕಾದಷ್ಟನ್ನು ಒಂದು ಕಡೆ ಹಾಕೋಣ, ಅದನ್ನು ಊರಿಗೆ ಉಪಯೋಗವಾಗುವಂತೆ ಹೇಗೆ ಖರ್ಚು ಮಾಡಬೇಕೆಂದು ನೀವೇ ತೀರ್ಮಾನಿಸಿ, ನಾನು ಮತ ಹಾಕುವುದಿಲ್ಲ.

ಹಣ ಹಾಕುವ ಕ್ರಮವನ್ನು ಮಕ್ಕಳೇ ಕಂಡುಕೊಂಡರು. ಬಾಗಿಲ ಹೊರಗೆ ಒಂದು ಬಟ್ಟೆಯ ಚೀಲ. ನಲವತ್ತೊಂದು ಮಂದಿಯೂ ಒಬ್ಬೊಬ್ಬರಾಗಿ ಹೋಗಿ ಮುಷ್ಟಿಯನ್ನು ಚೀಲದೊಳಗೆ ಹಾಕಿ ಬರಬೇಕು. ಮುಷ್ಟಿಯಲ್ಲಿ ಐವತ್ತು ರೂಪಾಯಿ ಇತ್ತೋ, ಎರಡಿತ್ತೋ, ಏನೂ ಇರಲಿಲ್ಲವೋ ಯಾರಿಗೂ ತಿಳಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮಠಕ್ಕೆ, ಶಾಲೆಗೆ ಮುಷ್ಟಿ ಅಕ್ಕಿ, ಮುಷ್ಟಿ ಜೋಳ ಎತ್ತಿಡುತ್ತಿದ್ದ ರೂಢಿ ಹಿರಿಯರಿಗೆ ನೆನಪಿರಬಹುದು. ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಟ್ಟು 1,130 ರೂಪಾಯಿ ಆಯಿತು. ‘ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು’ ಎಂಬ ಮಾತನ್ನು ನಾವು ದಾನಕ್ಕೆಲ್ಲ ಅನ್ವಯಿಸುತ್ತೇವೆ. ಯಾರು ಎಷ್ಟು ಹಾಕಿದರು ಎಂಬ ಮಟ್ಟಿಗೆ ಅದು ಸರಿ. ಹಾಕಿದ್ದು ಎಲ್ಲಿ ಹೋಯಿತು ಎಂಬುದು ಮಾತ್ರ ನಲವತ್ತೊಂದು ಜನರಿಗೂ ತಿಳಿಯಬೇಕು. ಆ ತರಗತಿ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯತೊಡಗಿತು. ಹಣ ಮುಖ್ಯ ಶಿಕ್ಷಕರ ಕಪಾಟಿನಲ್ಲಿ, ಪುಸ್ತಕ ಮಕ್ಕಳ ಹತ್ತಿರ.

ಸಲಹೆಗಳು ಏಳು ಬಂದವು. ಬಸ್ ನಿಲ್ದಾಣದಲ್ಲಿ ಅರವಟಿಗೆ, ಅಂಗನವಾಡಿಗೆ ಆಟಿಕೆ, ಬಿಸಿಯೂಟದ ಅಡುಗೆಯವರಿಗೆ ಕೈಗವಸು, ಕೆಳಗಿನ ತರಗತಿಯ ಒಬ್ಬ ಹುಡುಗಿಗೆ ಕನ್ನಡಕ, ಜಾತ್ರೆಯ ಪ್ರಸಾದಕ್ಕೆ ದೇಣಿಗೆ, ಬೀದಿ ನಾಯಿಗಳಿಗೆ ಆಹಾರ, ತರಗತಿಗೇ ಒಂದು ಕ್ರಿಕೆಟ್ ಬ್ಯಾಟು. ಕೊನೆಯದನ್ನು ತಂದವನನ್ನು ಎಲ್ಲರೂ ನಕ್ಕು ಕೂರಿಸಿದರು. ಅವನನ್ನು ಕೂರಿಸಬಾರದಿತ್ತು ಎಂದು ನನಗೆ ಅನ್ನಿಸುತ್ತದೆ. ‘ನಾವೇ ನಮಗೆ ಕೊಟ್ಟುಕೊಂಡರೆ ಅದು ಕೊಡುಗೆಯೇ?’ ಎಂಬುದು ಅರ್ಧ ತಾಸು ಚರ್ಚಿಸಬೇಕಾದ ಪ್ರಶ್ನೆ.

ಏಳರಲ್ಲಿ ನಾಲ್ಕನ್ನು ಆರಿಸಿಕೊಂಡು ತಂಡಗಳು ವಿಚಾರಿಸಲು ಹೊರಟವು. ಇಲ್ಲಿ ನಿಜವಾದ ಪಾಠ ಶುರುವಾಯಿತು. ಕನ್ನಡಕದ ತಂಡ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿದಾಗ ಶಾಲಾ ಮಕ್ಕಳ ಕಣ್ಣು ತಪಾಸಣೆಗೂ ಕನ್ನಡಕಕ್ಕೂ ಸರ್ಕಾರದ ಕಾರ್ಯಕ್ರಮವೇ ಇದೆ, ಹೆಸರು ಬರೆಸಬೇಕಷ್ಟೇ ಎಂದು ತಿಳಿಯಿತು. ಹಣ ಬೇಡವಾಯಿತು, ಒಬ್ಬರು ನೆನಪಿಸುವವರು ಬೇಕಾಗಿದ್ದರು. ಕೈಗವಸಿನ ತಂಡ ಅಡುಗೆ ಕೋಣೆಗೆ ಹೋಗಿ ಕೇಳಿತು. ಅಲ್ಲಿದ್ದ ಹಿರಿಯ ಹೆಂಗಸು ಹೇಳಿದ್ದನ್ನು ಮಕ್ಕಳು ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಿದ್ದಾರೆ: “ಕೈಗವಸು ಹಾಕ್ಕೊಂಡ್ರ ರೊಟ್ಟಿ ಬಡಿಯಾಕ ಬರತೈತೇನು? ನೀವು ತಾಟಿನ್ಯಾಗ ಅನ್ನ ಬಿಡಬ್ಯಾಡ್ರಿ, ಅಷ್ಟ ಸಾಕು.” ಆ ತಂಡದವರು ತರಗತಿಗೆ ಬಂದು ತಮ್ಮ ಸಲಹೆಯನ್ನು ತಾವೇ ಹಿಂತೆಗೆದುಕೊಂಡರು.

ಕೇಳದೆ ಕೊಡುವುದರ ಫಲವನ್ನು ನಮ್ಮ ರಾಜ್ಯ ದೊಡ್ಡ ಪ್ರಮಾಣದಲ್ಲಿ ನೋಡಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿದಾಗ ನಾಡಿನ ಎಲ್ಲ ಮೂಲೆಗಳಿಂದ ಲಾರಿಗಳು ಹೊರಟವು. ಕೊಟ್ಟವರ ಮನಸ್ಸು ದೊಡ್ಡದು. ಆದರೆ ಉಡಲಾಗದ ಬಟ್ಟೆಗಳ ರಾಶಿಯನ್ನು ಏನು ಮಾಡುವುದೆಂದು ತಿಳಿಯದೆ ನಿಂತವರೂ ಇದ್ದರು. ಒಂದು ಫೋನ್ ಮಾಡಿ ‘ಏನು ಬೇಕು?’ ಎಂದು ಕೇಳುವುದು ಕೊಡುವುದರ ಒಂದು ಭಾಗ ಎಂಬುದನ್ನು ಹದಿನಾಲ್ಕನೇ ವಯಸ್ಸಿನಲ್ಲಿ ಅಡುಗೆ ಕೋಣೆಯ ಬಾಗಿಲಲ್ಲಿ ಕಲಿತವರು ಮರೆಯಲಿಕ್ಕಿಲ್ಲ.

ಕೊನೆಗೆ ಉಳಿದದ್ದು ಅಂಗನವಾಡಿ ಮತ್ತು ಅರವಟಿಗೆ. ಅರವಟಿಗೆಯವರು ಎರಡು ದೊಡ್ಡ ಹರವಿ, ಮುಚ್ಚಳ, ಉದ್ದ ಹಿಡಿಕೆಯ ಹುಟ್ಟು, ಕಬ್ಬಿಣದ ಸ್ಟ್ಯಾಂಡು ಎಲ್ಲದರ ದರ ವಿಚಾರಿಸಿಕೊಂಡು ಬಂದಿದ್ದರು. ಗೆಲ್ಲುವ ಹುರುಪಿನಲ್ಲಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ, ಸೂಟಿಯೊಳಗ ನೀರು ಯಾರು ತುಂಬತಾರ್ರೀ?” ನೀರು ಬೇಕಾಗುವುದು ಬೇಸಿಗೆಯಲ್ಲಿ. ಶಾಲೆಗೆ ರಜೆ ಬೀಳುವುದೂ ಬೇಸಿಗೆಯಲ್ಲಿ. ಇಷ್ಟು ಸರಳವಾದದ್ದು ಮಾರ್ಗದರ್ಶಕ ಶಿಕ್ಷಕರನ್ನೂ ಸೇರಿಸಿ ಯಾರಿಗೂ ಹೊಳೆದಿರಲಿಲ್ಲ. ಎರಡು ದಿನ ಚರ್ಚೆ ನಡೆಯಿತು. ನಿಲ್ದಾಣದ ಹತ್ತಿರ ಮನೆಯಿರುವ ಹನ್ನೊಂದು ಮಂದಿ ರಜೆಯಲ್ಲೂ ಪಾಳಿ ಹಿಡಿಯಲು ಒಪ್ಪಿದರು; ಪಕ್ಕದ ಕಿರಾಣಿ ಅಂಗಡಿಯವರು ನಲ್ಲಿ ಕೊಡಲು ಒಪ್ಪಿದರು. ಮತ 22–19. ಸೋತ ಹತ್ತೊಂಬತ್ತು ಮಂದಿಯ ಮಾತಿಗೂ ಬೆಲೆ ಸಿಕ್ಕಿತು: ಹರವಿ ಒಡೆದರೆ ಇನ್ನೊಂದು ತರಲು ಮುನ್ನೂರು ರೂಪಾಯಿ ತೆಗೆದಿಡಬೇಕೆಂಬ ಷರತ್ತು ಅವರದು. ಮೇ ತಿಂಗಳಲ್ಲಿ ಒಂದು ಒಡೆಯಿತು ಕೂಡ.

ಇಷ್ಟೇ ಆಗಿದ್ದರೆ ಇದೊಂದು ಚೆಂದದ ಚಟುವಟಿಕೆ ಎಂದು ಹೇಳಿ ಮುಗಿಸಬಹುದಿತ್ತು. ಮತದಾನ ಮುಗಿದ ಸಂಜೆ ಪಾಳಿಗೆ ಹೆಸರು ಕೊಟ್ಟಿದ್ದ ಒಬ್ಬ ಹುಡುಗ ಪ್ರಶಿಕ್ಷಣಾರ್ಥಿಯ ಬಳಿ ಬಂದು ನಿಂತ. ಎಲ್ಲರೂ ಹೋಗುವವರೆಗೆ ಕಾದು ಕೇಳಿದ: “ಸರ, ನಾ ತುಂಬಿದ ನೀರು ಎಲ್ಲಾರೂ ಕುಡೀತಾರೇನ್ರಿ?”

ಆ ಪ್ರಶ್ನೆಯ ಹಿಂದೆ ಏನಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರುಗಳಲ್ಲಿ ನೀರು ಕೊಡುವುದು ಯಾವತ್ತೂ ಬರೀ ನೀರು ಕೊಡುವುದಾಗಿರಲಿಲ್ಲ. ಯಾರ ಕೈಯಿಂದ ಎಂಬುದು ಅದಕ್ಕೆ ಅಂಟಿಕೊಂಡೇ ಬಂದಿದೆ. ಕೊಡುವ ಹಕ್ಕು ಎಂಬ ಮಾತನ್ನು ನಾನು ಬಳಸುವುದು ಇದಕ್ಕಾಗಿಯೇ. ಪಡೆಯುವವರ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಈ ಹುಡುಗನನ್ನು ಎಲ್ಲರೂ ಕರೆಯುತ್ತಾರೆ. ಅವನು ಕೊಟ್ಟದ್ದನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆಯೇ ಎಂಬುದು ಅವನಿಗೇ ಗೊತ್ತಿಲ್ಲ.

ಪ್ರಶಿಕ್ಷಣಾರ್ಥಿ ಸುಳ್ಳು ಭರವಸೆ ಕೊಡಲಿಲ್ಲ, ಅದು ಒಳ್ಳೆಯದಾಯಿತು. ಮರುದಿನ ಮಾರ್ಗದರ್ಶಕ ಶಿಕ್ಷಕರೊಡನೆ ಕುಳಿತು ಎರಡು ಕೆಲಸ ಮಾಡಿದ. ಪಾಳಿಯನ್ನು ಇಷ್ಟಾನುಸಾರ ಬಿಡದೆ ಹಾಜರಿ ಸಂಖ್ಯೆಯ ಕ್ರಮದಲ್ಲಿ ಹಾಕಿಸಿದ, ಯಾರನ್ನೂ ಬಿಡುವಂತಿಲ್ಲ, ಯಾರೂ ಅದಲುಬದಲು ಮಾಡಿಕೊಳ್ಳುವಂತಿಲ್ಲ ಎಂಬ ನಿಯಮದೊಡನೆ. ಸಮಾಜ ವಿಜ್ಞಾನದ ಅವಧಿಯಲ್ಲಿ 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಅಂಬೇಡ್ಕರ್ ಅವರ ನೇತೃತ್ವದಲ್ಲಿ ನಡೆದದ್ದನ್ನು ಪಾಠ ಮಾಡಿದ. ಹುಡುಗನ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಲಿಲ್ಲ. ಅದನ್ನು ಎತ್ತುವ ಅಧಿಕಾರ ಅವನಿಗಿರಲಿಲ್ಲ. ಅರವಟಿಗೆಯ ನೀರನ್ನು ಎಲ್ಲರೂ ಕುಡಿದರೇ? ಬಿಸಿಲಿನಲ್ಲಿ ಬಸ್ಸಿಳಿದವರು ಕೇಳದೆ ಕುಡಿದರು. ಊರಿನ ಕೆಲವರು ಎಂದಿನಂತೆ ಅಂಗಡಿಯಲ್ಲಿ ಬಾಟಲಿ ಕೊಂಡರು, ಕಾರಣ ಯಾರೂ ಕೇಳಲಿಲ್ಲ. ಆ ಹುಡುಗ ತನ್ನ ಪಾಳಿಯ ದಿನಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ ಎಂದು ಪುಸ್ತಕ ಹೇಳುತ್ತದೆ.

ಮನೋವಿಜ್ಞಾನದ ಪತ್ರಿಕೆಯಲ್ಲಿ ನಾವೆಲ್ಲ ಪಿಯಾಜೆಯನ್ನು ಓದುತ್ತೇವೆ, ಹಂತಗಳ ಕೋಷ್ಟಕ ಬರೆದು ಅಂಕ ಗಳಿಸುತ್ತೇವೆ. ಮಕ್ಕಳ ನೈತಿಕ ವಿವೇಚನೆಯ ಬಗ್ಗೆ 1932ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಆರಂಭದಲ್ಲಿರುವುದು ಗೋಲಿಯಾಟ. ಚಿಕ್ಕ ಮಕ್ಕಳಿಗೆ ಆಟದ ನಿಯಮ ಮೇಲಿನಿಂದ ಬಂದದ್ದು, ಬದಲಿಸಲಾಗದ್ದು. ಹನ್ನೊಂದು ಹನ್ನೆರಡು ದಾಟಿದವರಿಗೆ ಅದು ಆಡುವವರೆಲ್ಲ ಸೇರಿ ಮಾಡಿಕೊಂಡ ಒಪ್ಪಂದ. ನಮ್ಮ ಪ್ರೌಢಶಾಲೆಗಳು ಕೊಡುವ ವಿಷಯದಲ್ಲಿ ಮಕ್ಕಳನ್ನು ಇನ್ನೂ ಮೊದಲ ಗುಂಪಿನಲ್ಲೇ ಇಟ್ಟಿವೆ. ಆದೇಶ ಬಂತು, ಹತ್ತು ರೂಪಾಯಿ ತಾ. ಮೀಸೆ ಚಿಗುರುವ ವಯಸ್ಸಿನಲ್ಲಿ ‘ಅವನಿಗೇಕೆ? ಇವಳಿಗೇಕೆ ಇಲ್ಲ?’ ಎಂಬ ನ್ಯಾಯದ ಪ್ರಶ್ನೆ ಎಷ್ಟು ಚುರುಕಾಗಿರುತ್ತದೆ ಎಂಬುದನ್ನು ಕ್ರೀಡಾಕೂಟದ ತಂಡ ಆರಿಸುವಾಗ ನೋಡಿದವರಿಗೆ ಗೊತ್ತು. ಆ ಚುರುಕನ್ನು ಜಗಳಕ್ಕೆ ಬಿಟ್ಟುಕೊಡುವ ಬದಲು ಇಂಥ ತೀರ್ಮಾನಕ್ಕೆ ಹಚ್ಚಬಹುದು.

ಇದು ಬೇರೆ ಕಡೆ ನಡೆದಿಲ್ಲದ ಹೊಸ ಹುಚ್ಚೇನಲ್ಲ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 1980ರ ದಶಕದ ಕೊನೆಯಿಂದ, ಕೆಲ್ಲಾಗ್ ಪ್ರತಿಷ್ಠಾನದ ನೆರವಿನಿಂದ (ಅದೇ ಕಾರ್ನ್‌ಫ್ಲೇಕ್ಸ್‌ನ ಕೆಲ್ಲಾಗ್), ಊರೂರಿನ ಸಮುದಾಯ ಪ್ರತಿಷ್ಠಾನಗಳು ಹದಿಹರೆಯದವರ ಸಲಹಾ ಸಮಿತಿಗಳನ್ನು ಮಾಡಿಕೊಂಡಿವೆ. ತಮ್ಮ ಊರಿನ ಹುಡುಗ ಹುಡುಗಿಯರಿಗೆ ಏನು ಬೇಕೆಂದು ಸಮೀಕ್ಷೆ ಮಾಡುವುದು, ಬಂದ ಅರ್ಜಿಗಳನ್ನು ಓದುವುದು, ಯಾವುದಕ್ಕೆ ಹಣ ಕೊಡಬೇಕೆಂದು ಹೇಳುವುದು ಆ ಸಮಿತಿಯ ಕೆಲಸ. ಅವರ ನಿಧಿಯ ಗಾತ್ರ ನಮಗೆ ಬರುವಂಥದ್ದಲ್ಲ, ಬರಬೇಕಾಗಿಯೂ ಇಲ್ಲ. ಹದಿನೈದು ವರ್ಷದವರ ಮಾತನ್ನು ಹಣದ ವಿಷಯದಲ್ಲೂ ಗಂಭೀರವಾಗಿ ತೆಗೆದುಕೊಳ್ಳಬಹುದೆಂಬ ಧೈರ್ಯವನ್ನು ಅಲ್ಲಿಂದ ಪಡೆದರೆ ಸಾಕು.

ಉಳಿದ ಸಾಮಗ್ರಿ ಮಕ್ಕಳ ಮನೆಯಲ್ಲೇ ಇದೆ. ಮದುವೆಯಲ್ಲಿ ಬಂದ ಮುಯ್ಯಿ ಬರೆದಿಟ್ಟ ಪುಸ್ತಕ ಬಹಳಷ್ಟು ಮನೆಗಳ ಟ್ರಂಕಿನಲ್ಲಿರುತ್ತದೆ. ಯಾರು ಎಷ್ಟು ಮುಯ್ಯಿ ಮಾಡಿದರು, ತಿರುಗಿ ಎಷ್ಟು ಮಾಡಬೇಕು. ಬೀಜ ಬಿತ್ತುವಾಗ ಮುಯ್ಯಾಳು ಹೋಗುವುದೂ ಹಾಗೆಯೇ. ಮುಯ್ಯಿಗೂ ದಾನಕ್ಕೂ ಏನು ವ್ಯತ್ಯಾಸ ಎಂದು ಎಂಟನೇ ತರಗತಿಯಲ್ಲಿ ಕೇಳಿ ನೋಡಿ, ನಲವತ್ತು ನಿಮಿಷ ಸಾಲುವುದಿಲ್ಲ. ಮುಸ್ಲಿಂ ಮನೆಯ ಮಕ್ಕಳಿಗೆ ಜಕಾತ್ ಎಂದರೆ ಉಳಿತಾಯದ ನಲವತ್ತರಲ್ಲಿ ಒಂದು ಭಾಗ ಎಂಬ ಲೆಕ್ಕ ಗೊತ್ತಿರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಹೋಗುವುದನ್ನು ಆ ಭಾಗದ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ, ತಾವೇ ಹೇರಿಯೂ ಇರುತ್ತಾರೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದ್ದು ಜನರ ದುಶ್ಚಟಗಳನ್ನು ಬೇಡುವುದಕ್ಕೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಶಾಲೆಗಳಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತೇವೆ, ಆದರೆ ಆ ಜೋಳಿಗೆಯ ಕಲ್ಪನೆ ಎಷ್ಟು ವಿಚಿತ್ರ, ಎಷ್ಟು ಸುಂದರ ಎಂದು ಮಕ್ಕಳಿಗೆ ಹೇಳುವುದಿಲ್ಲ. ಆಯ್ದಕ್ಕಿ ಲಕ್ಕಮ್ಮ ಗಂಡ ತಂದ ಹೆಚ್ಚಿನ ಅಕ್ಕಿಯನ್ನು ತಿರುಗಿ ಕಳಿಸಿದ ಕಥೆ ಗೊತ್ತಿಲ್ಲದ ಕನ್ನಡ ಶಿಕ್ಷಕರಿಲ್ಲ. ಎಷ್ಟು ಕೊಡಬೇಕು ಎಂದು ಕೇಳುವ ಮೊದಲು ಎಷ್ಟು ಸಾಕು ಎಂದು ಆಕೆ ಕೇಳಿದಳು. ಇನ್ನು, ಕೊಡಲು ಶ್ರೀಮಂತನಾಗಿರಬೇಕೆಂದು ಯಾವ ಮಗುವಾದರೂ ಹೇಳಿದರೆ ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರಿದ್ದಾರೆ; 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ಸುದ್ದಿ ಎಲ್ಲರ ಮೊಬೈಲಿಗೂ ಬಂದಿತ್ತು.

ಆಕ್ಷೇಪಗಳನ್ನು ಬಲ್ಲೆ. ಸಮಯ ಎಲ್ಲಿದೆ ಎಂಬುದು ಮೊದಲನೆಯದು. ಎರಡು ವರ್ಷದ ಬಿ.ಇಡಿ.ಯಲ್ಲಿ ಇಂಟರ್ನ್‌ಶಿಪ್ಪಿಗೆ ಒಟ್ಟು ಇಪ್ಪತ್ತು ವಾರ, ಅದರಲ್ಲಿ ಹದಿನಾರು ಎರಡನೇ ವರ್ಷದಲ್ಲಿ. ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ತಿಂಗಳಿಗೊಂದು ಬರುತ್ತದೆ. ಮೂರು ನಾಲ್ಕು ಶನಿವಾರ ಸಾಕು. ಸಮಯಕ್ಕಿಂತ ನನಗೆ ಹೆಚ್ಚು ಆತಂಕವಿರುವುದು ಹಣದ ಬಗ್ಗೆ. ಮುಖ್ಯ ಶಿಕ್ಷಕರ ಲಿಖಿತ ಒಪ್ಪಿಗೆಯಿಲ್ಲದೆ, ಎಸ್‌ಡಿಎಂಸಿಗೆ ತಿಳಿಸದೆ ಪ್ರಶಿಕ್ಷಣಾರ್ಥಿ ಒಂದು ರೂಪಾಯಿಯನ್ನೂ ಮುಟ್ಟಬಾರದು. ಮಕ್ಕಳ ಕೈಗೆ ರಸೀದಿ ಪುಸ್ತಕ ಕೊಟ್ಟು ಮನೆಮನೆಗೆ ಅಟ್ಟುವುದಂತೂ ಬೇಡವೇ ಬೇಡ. ಮಕ್ಕಳು ತಾವೇ ದುಡಿದ ಸಣ್ಣ ಹಣ, ಇಲ್ಲವೆ ಹಣವೇ ಇಲ್ಲದ ಕೊಡುಗೆ, ಇವೆರಡರ ಆಚೆಗೆ ಹೋಗಬೇಕಾಗಿಲ್ಲ.

ಮನೆಯವರ ಒಪ್ಪಿಗೆಯ ಮಾತೂ ಇದೆ. 1934ರ ಜನವರಿಯಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಮಲಬಾರಿನ ವಡಗರಕ್ಕೆ ಬಂದಾಗ ಹದಿನಾರರ ಹುಡುಗಿ ಕೌಮುದಿ ವೇದಿಕೆಗೆ ಬಂದು ಬಳೆ ಕೊಟ್ಟಳು, ಸರ ಕೊಟ್ಟಳು, ಕಿವಿಯ ಓಲೆಯನ್ನೂ ತೆಗೆದಳು. ಮುಂದೆ ಆಕೆ ಹಿಂದಿ ಶಿಕ್ಷಕಿಯಾದರು. ಈ ಕಥೆಯನ್ನು ತ್ಯಾಗಕ್ಕೆ ಉದಾಹರಣೆಯಾಗಿ ಹೇಳುವವರು ಒಂದು ವಿವರವನ್ನು ಬಿಟ್ಟುಬಿಡುತ್ತಾರೆ. ಗಾಂಧೀಜಿ ಆ ಹುಡುಗಿಯನ್ನು, ತಂದೆತಾಯಿಯ ಅನುಮತಿ ಇದೆಯೇ ಎಂದು ಕೇಳಿದ್ದರು. ಅಷ್ಟು ದೊಡ್ಡ ಕಾರ್ಯದ ನಡುವೆಯೂ ಕೇಳಿದ್ದರು. ಹದಿಹರೆಯದ ಉತ್ಸಾಹವನ್ನು ಹುರಿದುಂಬಿಸುವುದು ಸುಲಭ; ತರಗತಿಯಲ್ಲಿ ಒಬ್ಬಳು ಭಾವಾವೇಶದಲ್ಲಿ ಕಿವಿಯೋಲೆ ತೆಗೆದುಕೊಟ್ಟರೆ ಅದನ್ನು ಮರಳಿಸುವ ವಿವೇಕ ಶಿಕ್ಷಕರಿಗಿರಬೇಕು.

ಇನ್ನೊಂದು ಆಕ್ಷೇಪ ಸ್ವಲ್ಪ ಸೂಕ್ಷ್ಮ. ಮಕ್ಕಳು ತಮ್ಮ ಜಾತಿಯವರಿಗೆ, ತಮ್ಮ ಓಣಿಯವರಿಗೆ ಮತ ಹಾಕುವುದಿಲ್ಲವೇ? ಹಾಕುತ್ತಾರೆ. ದೊಡ್ಡವರೂ ಹಾಕುತ್ತಾರೆ. ಅದು ತರಗತಿಯಲ್ಲಿ ಎದುರಾದರೆ ಅಲ್ಲಿ ಒಬ್ಬ ಶಿಕ್ಷಕ ಇರುತ್ತಾನೆ ಎಂಬುದಷ್ಟೇ ವ್ಯತ್ಯಾಸ. ಮತದಾನಕ್ಕೆ ಮೊದಲು ಪ್ರತಿ ತಂಡವೂ ತನ್ನದಲ್ಲದ ಒಂದು ಸಲಹೆಯ ಪರವಾಗಿ ಐದು ನಿಮಿಷ ವಾದಿಸಬೇಕೆಂಬ ನಿಯಮವಿಟ್ಟರೆ ಸ್ವಲ್ಪ ತಹಬಂದಿಗೆ ಬರುತ್ತದೆ. ಒಬ್ಬ ವಿದ್ಯಾರ್ಥಿಗೆ ನೇರವಾಗಿ ನೆರವಾಗುವ ಸಲಹೆಗಳನ್ನು ಮಾತ್ರ ತರಗತಿಯ ಮುಂದೆ ಚರ್ಚೆಗಿಡಬಾರದು. ಅಂಥದ್ದು ಬಂದರೆ ತರಗತಿ ಶಿಕ್ಷಕರ ಕಿವಿಗೆ ಹಾಕಿ ಅಲ್ಲೇ ಮುಗಿಸಬೇಕು. ಸಹಪಾಠಿಗಳು ಕೈ ಎತ್ತಿ ತೀರ್ಮಾನಿಸಿದ ಚಪ್ಪಲಿಯನ್ನು ಯಾವ ಹುಡುಗ ಹಾಕಿಕೊಂಡು ಬಂದಾನು?

ಮೌಲ್ಯಮಾಪನದ ಬಗ್ಗೆ ಸಹೋದ್ಯೋಗಿಗಳು ನನ್ನ ಜೊತೆ ಒಪ್ಪುವುದಿಲ್ಲ. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಇದಕ್ಕೆ ಅಂಕ ಕೊಟ್ಟರೆ ಮಾತ್ರ ಶಾಲೆಗಳು ಗಂಭೀರವಾಗಿ ತೆಗೆದುಕೊಳ್ಳುತ್ತವೆ ಎನ್ನುತ್ತಾರೆ. ಲೆಕ್ಕ ಬರೆದದ್ದಕ್ಕೆ ಗಣಿತದಲ್ಲಿ, ಸಂದರ್ಶನದ ವರದಿಗೆ ಕನ್ನಡದಲ್ಲಿ, ಸಮೀಕ್ಷೆಗೆ ಸಮಾಜ ವಿಜ್ಞಾನದಲ್ಲಿ ಧಾರಾಳವಾಗಿ ಅಂಕ ಕೊಡಿ. ಕೊಟ್ಟದ್ದಕ್ಕೆ ಅಂಕ ಕೊಟ್ಟರೆ ಅದು ಮಾರಾಟವಾಗುತ್ತದೆ. ಫೋಟೊ ವಿಷಯದಲ್ಲೂ ನನ್ನದು ಇದೇ ಹಟ. ವರದಿಗೆ ಲೆಕ್ಕದ ಪುಸ್ತಕದ ಒಂದು ಪುಟದ ನಕಲು ಅಂಟಿಸಿ, ಪಡೆದವರ ಮುಖ ಬೇಡ.

ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮೊದಲು ಇಂಟರ್ನ್‌ಶಿಪ್ ದಾಖಲೆಯ ನಮೂನೆಯಲ್ಲಿ ಎರಡು ಅಂಕಣ ಸೇರಿಸಬೇಕೆಂದು ನಮ್ಮ ವಿಭಾಗದ ಸಭೆಯಲ್ಲಿ ಕೇಳಿದ್ದೇನೆ: ‘ತೀರ್ಮಾನಿಸಿದವರು ಯಾರು’, ‘ಪಡೆದವರನ್ನು ಮೊದಲು ಕೇಳಲಾಯಿತೇ’. ಜೊತೆಗೆ ಹೊರಡುವ ದಿನದ ಒಂದು ಕೆಲಸ. ಹದಿನಾರು ವಾರ ಮುಗಿದು ಪ್ರಶಿಕ್ಷಣಾರ್ಥಿ ಬಸ್ಸು ಹತ್ತುತ್ತಾನೆ, ಒಂಬತ್ತನೆಯವರು ಹತ್ತಕ್ಕೆ ಹೋಗಿ ಪರೀಕ್ಷೆಯ ಗುಂಗಿಗೆ ಬೀಳುತ್ತಾರೆ. ಹಾಗಾಗಿ ಲೆಕ್ಕದ ಪುಸ್ತಕ, ಉಳಿದ ಹಣ, ಪಾಳಿಯ ಪಟ್ಟಿ ಮೂರನ್ನೂ ಎಂಟನೇ ತರಗತಿಯ ಇಬ್ಬರು ವಿದ್ಯಾರ್ಥಿಗಳಿಗೆ ಮುಖ್ಯ ಶಿಕ್ಷಕರ ಎದುರಿಗೆ ಒಪ್ಪಿಸಿ, ಒಪ್ಪಿಸಿದವರು ಮತ್ತು ಪಡೆದವರು ಪುಸ್ತಕದಲ್ಲೇ ಸಹಿ ಹಾಕಬೇಕು. ಆ ಇಬ್ಬರಲ್ಲಿ ಒಬ್ಬರಾದರೂ ಬಸ್ ನಿಲ್ದಾಣದ ಹತ್ತಿರದವರಾಗಿರಲಿ.